ಮೇಲ್ಗಟ್ಟಿನ ಹಸಿರು ತುಂಡು

ಬಿಚ್ಚು ಅಂದ್ನಲ್ಲ ರಮ್ಯಾ, ಕೇಳಿಸ್ಲಿಲ್ವಾ? ಆ ಹಸ್ರು ತುಂಡು. ಮೇಲ್ಗಟ್ಟಿನ ನಡುಮಧ್ಯೆ ಐತಲ್ಲ, ನಿನ್ನ ಧಾರೆ ಸೀರೆದು… ಹ್ಞೂಂ, ಅದೇ. ಅದನ್ನ ಬಿಚ್ಬುಡು.

ಯಾಕ್ ನಗ್ತಿಯಾ? ಅತ್ತೆ ತಮಾಷೆ ಮಾಡ್ತಾವ್ಳೆ ಅಂದ್ಕಂಡಾ? ತಮಾಷೆ ಅಲ್ಲ ಕಣಮ್ಮಿ. ಗೊತ್ತು, ಗೊತ್ತು… ಹೊತ್ತಾರೆ ನಾನೇ ಹೇಳ್ದೆ. "ಈ ಮನೆ ಸೊಸೆ ನೀನು, ನಿನ್ನ ತುಂಡು ನಡುವೆ ಇರ್ಲಿ, ಸರಿಯಾಗಿ ನಿನ್ನ ನಾದಿನಿ ಸಿರಿ ತಲೆ ಮೇಲೆ ಬರ್ಲಿ" ಅಂತ ನಾನೇ ಅಂದೆ. ನೀನು ಕಾಫಿ ಆರಿಸ್ಕಂಡು ಕುಂತು ಹೊಲ್ದೆ. ಇಲ್ಲ ಅಂದ್ನಾ ನಾನು? ಹೊತ್ತಾರೆ ಮಾತು ಹೊತ್ತಾರೆಗೆ. ಈಗ ಬಿಚ್ಚು ಅಂತಿದ್ದೀನಿ. ಅಷ್ಟೆ.

ಬಾಯಲ್ಲಿ ದಾರ ಕಚ್ಕಂಡು ಮಾತಾಡ್ಬೇಡ, ತಲೆ ಆಡಿಸು ಸಾಕು.

ಅಯ್ಯೋ, ಮುಖ ಯಾಕೆ ಹಂಗ್ ಮಾಡ್ಕತಿಯಾ! ನಿನ್ನ ಮೇಲೆ ಕೋಪ ಏನಿಲ್ಲ ಕಣವ್ವ. ಬಣ್ಣ… ಬಣ್ಣ ಹೊಂದ್ತಾ ಇಲ್ಲ. ಇಲ್ಲಿ ಹೊಸ್ಲು ತಾವ ಕುಂತು ನೋಡಿದ್ರೆ ಗೊತ್ತಾಯ್ತದೆ, ನಿನಗೆ ಹತ್ರದಿಂದ ಕಾಣಲ್ಲ. ಸುತ್ತ ಕೆಂಪು, ಹಳ್ದಿ, ನೇರಳೆ… ನಡುವೆ ಒಂದೇ ಒಂದು ಹಸ್ರು. ಕಣ್ಣಿಗೆ ಹೊಡೆದಂಗೆ ಐತೆ. ಸೋಲೂರಿನೋರು ಸುಮ್ನೆ ಇರೋ ಜನ ಅಲ್ಲ. ಗಂಡಿನ ಸೋದರತ್ತೆ ಅಂಬುಜಮ್ಮನ್ನ ವೀಳ್ಯದ ದಿನ ನೀನೇ ನೋಡಿದ್ಯಲ್ಲ? ಒಬ್ಬಟ್ಟು ಬಾಯಲ್ಲಿ ಇಟ್ಕಂಡೇ "ಹೂರಣಕ್ಕೆ ಏಲಕ್ಕಿ ಕಮ್ಮಿ ಆಯ್ತು" ಅಂದ್ಲು. ಇನ್ನೂ ನುಂಗೇ ಇರ್ಲಿಲ್ಲ! ನುಂಗಿ ಇನ್ನೆರಡು ಇಸ್ಕಂಡ್ಲು ಬುಡು, ಅದು ಬೇರೆ. ಅಂಥೋಳು ಹಸೆ ತಾವ ನಿಂತು ಕತ್ತೆತ್ತಿ ನೋಡ್ದೆ ಇರ್ತಾಳಾ?

ಹ್ಞಾ, ನಕ್ಕೆ. ನಗು. ನಗ್ತಾ ನಗ್ತಾ ಬಿಚ್ಚು.

ಕತ್ರಿ ಬೇಡ! ಕತ್ರಿ ಕೆಳಗಿಡು ಅಂದೆ. ಮೇಲ್ಗಟ್ಟಿನ ತುಂಡನ್ನ ಹಂಗೆಲ್ಲ ಕತ್ತರಿಸಬಾರ್ದು. ಬಿಚ್ಚೋದಕ್ಕೂ ಒಂದು ರೀತಿ ಐತೆ. ಸೂಜಿ ಮೊನೇಲಿ ಒಂದೊಂದೇ ಹೊಲಿಗೆ ಎತ್ತಿ ದಾರ ಎಳೀಬೇಕು. ತುಂಡು ಹರೀಬಾರ್ದು. ಇಡಿಯಾಗಿ ಅವಳ ಕೈಗೇ… ಅಂದ್ರೆ ಯಾರು ಕೊಟ್ಟಿದ್ರೋ ಅವರ ಕೈಗೇ ವಾಪಸ್ ಹೋಗ್ಬೇಕು. ಅವರು ಪೆಟ್ಗೇಲಿ ಇಟ್ಕಂಡ್ರೆ ಆಯ್ತು.

ನಿಮ್ಮ ಮಾಗಡಿ ಕಡೆ ಇದೆಲ್ಲ ಇಲ್ಲ ಬುಡು. ಥರ್ಮಕೋಲಲ್ಲಿ ಹೆಸರು ಕೆತ್ತಿಸಿ, ಮಿಣಮಿಣ ಪುಡಿ ಉದುರ್ಸಿ, ಮದ್ವೆ ಮಾಡ್ಬುಟ್ವಿ ಅಂತೀರಿ. ನಿನ್ನ ಮದ್ವೇಲಿ ಮೇಲ್ಗಟ್ಟು ನಾವೇ ಇಲ್ಲಿಂದ ತಂದು ಕಟ್ಟಿಸಿದ್ವಿ. ನೀನು ತಲೆ ಎತ್ತಿ ನೋಡಿದ್ರೆ ತಾನೆ! ಬಾಸಿಂಗ ಜಾರ್ತದೆ ಅಂತ ಹಿಡ್ಕಂಡು ಕುಂತಿದ್ದೆ. ಅದಕ್ಕೇ ಬಿಡಿಸಿ ಹೇಳ್ತೀನಿ ಕೇಳು. ಇದು ನಮ್ಮತ್ತೆಯ ಅತ್ತೆ ಕಾಲದಿಂದ ಬಂದಿರೋದು. ಅಡಿ ಬಟ್ಟೆ ಮನೆ ಯಜಮಾನನ ಹಳೇ ಪಂಚೆ, ಅರಿಶಿನದಲ್ಲಿ ಅದ್ದಿ ಒಣಗಿಸಿದ್ದು. ಅದು ಲಡ್ಡಾದ್ರೆ ಇನ್ನೊಂದು ಪಂಚೆ. ಅದರ ಮೇಲೆ ಮನೆ ಮುತ್ತೈದೇರ ಧಾರೆ ಸೀರೆ ತುಂಡು, ಒಬ್ಬೊಬ್ಳದು ಒಂದೊಂದು. ಹೊಸ ಸೊಸೆ ಬಂದ್ರೆ, ಮುಂದೆ ಮನೇಲಿ ಆಗೋ ಮದ್ವೇಗೆ ಅವಳ ತುಂಡೂ ಸೇರ್ತದೆ. ಅಂಗಡಿ ಬಟ್ಟೆ ನಡೆಯಲ್ಲ, ಪಕ್ಕದ್ಮನೆಯೋರ ಸೀರೆ ನಡೆಯಲ್ಲ. ಮೂಲೆಗೊಂದು ಬಟ್ಟೆ ಗಿಣಿ. ಅಂಚಿಗೆ ಕುಚ್ಚು, ಕುಚ್ಚಿನ ತುದೀಗೆ ಚನ್ನಪಟ್ಟಣದ ಮಕ್ಬೂಲ್ ಸಾಬ್ರು ಕಡೆದು ಕೊಟ್ಟ ಅರಗಿನ ಮಣಿ. ಚಪ್ಪರದ ದಿನ ಮಡಿವಾಳ್ರ ಚಲುವಯ್ಯ ಬಂದು ಇಸ್ಕಂಡೋಗಿ ಹಸೆ ಮೇಲೆ ಎತ್ತಿ ಕಟ್ತಾನೆ. ಯಾಕೆ ಕಟ್ತಾರೆ ಅಂದ್ರೆ, ಹೆಣ್ಣು ಗಂಡು ಇದರ ನೆಳ್ಳಲ್ಲಿ ಕುಂತ್ಕಬೇಕು. ಈ ಮನೆ ಮುತ್ತೈದೇರ ಬಾಳಿನ ನೆಳ್ಳು ಆ ಮಗೀನ ತಲೆ ಮೇಲೆ ಬೀಳ್ಬೇಕು. ಅದಕ್ಕೇ ಮೇಲ್ಗಟ್ಟು. ಬರೀ ಚೆಂದಕ್ಕಲ್ಲ.

ಅಲ್ಲ… ಚೆಂದಕ್ಕೂ ಹೌದು. ಬಣ್ಣ ಅಂದ್ನಲ್ಲ, ಅದೂ ಮುಖ್ಯವೇ.

ಎಷ್ಟಾಯ್ತು? ಒಂದು ಮಗ್ಗುಲೂ ಆಗಿಲ್ವಲ್ಲಮ್ಮಿ! ಅಷ್ಟು ಸಣ್ಣ ಹೊಲಿಗೆ ಯಾಕ್ ಹಾಕ್ದೆ ನೀನು? ಸಾಸ್ವೆ ಕಾಳು ಇಟ್ಟಂಗೆ ಹಾಕಿದ್ದೀಯಲ್ಲ… ಬಯ್ತಾ ಇಲ್ಲ ಕಣವ್ವ. ಚೆಂದ ಐತೆ. ನಿನ್ನ ಕೈ ಚೆಂದ. ನನ್ನ ಹೊಲಿಗೆ ನೋಡು ಆ ಕೆಂಪು ತುಂಡಿಂದು, ಗೋಣಿಚೀಲ ಹೊಲ್ದಂಗೆ ಐತೆ. ನಮ್ಮತ್ತೆ ಬೈರಮ್ಮ ಆಗ ಏನಂದ್ರು ಗೊತ್ತಾ? "ದೊಡ್ಡಲಕ್ಷ್ಮಿ, ಇದನ್ನ ಗಂಡಿನ ತಲೆ ಮೇಲೆ ಕಟ್ಟೋಣ್ವೋ, ರಾಗಿ ತುಂಬೋಣ್ವೋ?" ಹ್ಹ…

ಖಾಲಿ ಜಾಗ ಕಾಣ್ತದೆ ಅಂತಾ? ಏನಾಗಲ್ಲ. ಅಡೀಲಿ ಅರಿಶಿನದ ಬಟ್ಟೆ ಐತಲ್ಲ, ಹಳ್ದಿ ಕಾಣ್ತದೆ. ಮೇಲೊಂದು ಗಿಣಿ ಇಟ್ಟು ಹೊಲಿ. ಆ ದಪ್ಪಂದು ಮಿಕ್ಕೈತಲ್ಲ, ಸಿರಿ ಮಾಡಿದ್ದು. ಹೊಟ್ಟೆಗೆ ಹತ್ತಿ ತುಂಬಿ ತುಂಬಿ ಅದು ಗಿಣಿನೋ ಕೋಳಿನೋ… ಮೊನ್ನೆ ಕೆಂಪರಾಜ ಏನಂದ, ನೆಪ್ಪೈತಾ? "ಈ ಗಿಣಿ ಬಿಡದೀಲಿ ತಟ್ಟೆ ಇಡ್ಲಿ ತಿಂದ್ಕಂಡು ಬಂದೈತೆ, ಹಾರಕ್ಕಾಗಲ್ಲ, ಬಸ್ ಹತ್ತಿಸ್ಬೇಕು." ಸಿರಿ ಅದನ್ನೇ ತಗಂಡು ಅವನ ಬೆನ್ನಿಗೆ ಹೊಡೆದ್ಲು. ಏನ್ ನಗ್ತಿದ್ದ… ಒಳ್ಳೆ ಮಾತುಗಾರ ಆಗಿದ್ದ ನನ್ನ ಮಗ.

ಆಗವ್ನೆ. ಆಗವ್ನೆ ಅಂದೆ. ಈಗೀಗ ಒಳ್ಳೆ ಮಾತುಗಾರ ಆಗವ್ನೆ ಅಂತ. ನಿನ್ನ ಸಹವಾಸ, ಇನ್ನೇನು.

ಮೊಬೈಲ್ ಯಾಕೆ ಪದೇ ಪದೇ ನೋಡ್ತಿಯಾ? ಸ್ವಿಚ್ ಆಫ್ ಅಂತ ತಾನೆ ಹೇಳ್ತದೆ? ಹೇಳ್ತಿರ್ತದೆ. ರಾತ್ರಿ ಪಾಳಿಗೆ ಹೋದೋನು ಎಲ್ಲಿ ಚಾರ್ಜ್ ಹಾಕ್ತಾನೆ? ಇನ್ನೊಂದು ಪಾಳಿ ಕೊಟ್ಟವ್ರೆ ಅಂದ್ನಲ್ಲ. ಇವತ್ತಿಂದ ರಜ, ತಂಗಿ ಮದ್ವೆ ಅಂತ ಬರ್ಕೊಟ್ಟಿದ್ದ, ನಿಜ. ಆದ್ರೆ ಬದಲಿ ಆಳು ಬರ್ಲಿಲ್ವಂತೆ, ಅದಕ್ಕೆ ಹಿಡ್ಕಂಡವ್ರೆ. ಪರ್ಮನೆಂಟ್ ಆಗಿದ್ರೆ ಎದ್ದು ಬರ್ತಿದ್ದ. ಕಂಟ್ರಾಕ್ಟ್ ಅಲ್ವಾ… ದೊಡ್ಡ ಕಾರ್ ಕಂಪನಿ ಅಲ್ಲವಲ್ಲ ಇವನದು, ಎಲ್ಲೋ ಹಿಂದ್ಗಡೆ ತಗಡು ಬಗ್ಗಿಸೋ ಶೆಡ್ಡು. ಒಂದು ಬೋರ್ಡೂ ಇಲ್ಲ ಅದಕ್ಕೆ.

ದೂರ ಏನ್ ಹೋಗಿಲ್ಲ ಕಣಮ್ಮಿ. ನಮ್ಮ ಹೊಲ್ದಲ್ಲೇ ಅವ್ನೆ. ನೀನು ಈ ಮನೇಗೆ ಬರೋ ಹೊತ್ಗೆ ಕಂಪನಿಯೋರು ಬೇಲಿ ಹಾಕ್ಬುಟ್ಟಿದ್ರು, ನಿನಗೆ ಗೊತ್ತಿಲ್ಲ. ಆ ಶೆಡ್ಡು ನಿಂತಿರೋ ಜಾಗ ನಮ್ಮ ಹಿಪ್ಪುನೇರಳೆ ತೋಟ. ನಾನು ಹುಳುವಿಗೆ ಸೊಪ್ಪು ಕುಯ್ಯೋವಾಗ ಕೂಸನ್ನ ಬದುವಿನ ಮೇಲೆ, ಹೊಂಗೆ ಮರದ ನೆಳ್ಳಲ್ಲಿ ಮಲಗಿಸ್ತಿದ್ದೆ. ಕೆಲಸಕ್ಕೆ ಸೇರಿದ ದಿನ ಬಂದು ಅಂದ, "ಅವ್ವ, ನನ್ನ ಮೆಷಿನ್ನು ಎಲ್ಲೈತೆ ಗೊತ್ತಾ? ನೀನು ನನ್ನ ಮಲಗಿಸ್ತಿದ್ದ್ಯಲ್ಲ, ಸರಿಯಾಗಿ ಆ ಹೊಂಗೆ ಮರದ ತಾವ." ಏನ್ ಖುಷಿ ಅವನಿಗೆ. ಏನೋ ತನ್ನ ಜಾಗಕ್ಕೇ ವಾಪಸ್ ಬಂದಂಗೆ… ಅಲ್ಲೇ ಅವ್ನೆ. ಅಲ್ಲೇ ಮಲ…

ಏನೂ ಇಲ್ಲ. ಕೆಮ್ಮು ಬಂತು. ಆ ಅರಿಶಿನದ ಘಾಟು.

ಬೇಡ, ನೀರು ಬೇಡ! ಆ ಚೊಂಬು ಅಲ್ಲೇ ಇಡು. ದೇವ್ರ ಮುಂದಿನ ಚೊಂಬು ಅದು, ನಾನು ಮುಟ್ಟಲ್ಲ… ಎಂಜ್ಲಾಯ್ತದೆ ಅಂತ. ನಾನೇ ಆಮೇಲೆ ಬಾವಿ ತಾವ ಹೋಗಿ ಕುಡೀತೀನಿ. ನೀನು ಬಿಚ್ಚು.

ಇನ್ನೊಂದು ಪಾಳಿ ಅಂತ ಯಾರು ಹೇಳಿದ್ರು ಅಂತಾ? ಫೋನ್ ಬಂದಿತ್ತು. ಗುಲ್ಜಾರ್ ಬೀ ಮನೆಗೆ ಮಾಡಿದ್ದ, ಅವಳೇ ಮಾತಾಡಿ… ಅಯ್ಯೋ, ಅವಳನ್ನ ಯಾಕ್ ಕೂಗಕ್ಕೆ ಹೋಯ್ತಿಯಾ! ಸುಮ್ಕಿರು. ಒಳಗೆ ಸಿರಿಗೆ ಬಳೆ ಇಡ್ತಾವ್ಳೆ. ಬಳೆ ಏರಿಸೋವಾಗ ಕೂಗಿದ್ರೆ ಕೈ ಜಾರಿ ಒಡೆದೋಯ್ತದೆ, ಇವತ್ತು ಬಳೆ ಒಡೀಬಾರ್ದು. ಹಂಗ್ಯಾಕ್ ನೋಡ್ತಿಯಾ? ಓ… ಗುಲ್ಜಾರ್ ಬೀ ಹೊತ್ತಾರೆಯಿಂದ ಇಲ್ಲೇ ಅವ್ಳೆ ಅಂತಲಾ. ಹೌದಲ್ಲ. ನನ್ನ ತಲೆ ಎಲ್ಲೈತೋ! ಫೋನ್ ಅಲ್ಲ ಕಣೆ. ಬೈಕಲ್ಲಿ ಒಬ್ಬ ಬಂದಿದ್ನಲ್ಲ, ಹಾಲಿನ ಡೈರಿ ತಾವ ನಿಂತು ನಿಮ್ಮ ಮಾವನ ಹತ್ರ ಮಾತಾಡ್ತಿದ್ನಲ್ಲ, ನೀನೂ ನೋಡ್ದೆ ಅನ್ಸುತ್ತೆ. ಶೆಡ್ಡಿನ ಮೇಸ್ತ್ರಿ ಅವನು. ಅವನೇ ಹೇಳಿದ್ದು. ಒಳ್ಳೆ ಮನುಷ್ಯ. ಹೆಲ್ಮೆಟ್ ತೆಗೆದು ಕೈಲಿ ಹಿಡ್ಕಂಡೇ ಮಾತಾಡ್ದ.

ನಿನಗೂ ಬಳೆ ಆಮೇಲೆ ಇಡ್ತಾಳೆ. ಅವಳು ಕರೆದಾಗ ನಾನೇ ಬೇಡ ಅಂದೆ, ಅದಕ್ಕೂ ಬೇಜಾರಾ? ಹೊಲಿಗೆ ಕೆಲಸದ ಮಧ್ಯೆ ಕೈತುಂಬ ಗಾಜು ಹಾಕ್ಕಂಡ್ರೆ ದಾರ ಸಿಕ್ಕಾಕ್ಕತದೆ, ಅದಕ್ಕೆ. ಎಲ್ಲಾದಕ್ಕೂ ಕಾರಣ ಹೇಳ್ಬೇಕಾ ನಾನು?

ನಿಮ್ಮ ಮಾವನಾ? ಕನಕಪುರಕ್ಕೆ ಹೋದ್ರು. ಬಾಳೆಕಂದು ತರಕ್ಕೆ. ಚಪ್ಪರದ ಕಂಬಕ್ಕೆ ಕಟ್ಬೇಡ್ವಾ?

ಹಿತ್ಲಲ್ಲಿ ಬಾಳೆ ಐತೆ. ಗೊನೆ ಬಿಟ್ಟು ನಿಂತೈತೆ. ನಂಗೂ ಕಣ್ಣವೆ ಕಣಮ್ಮಿ, ಕಾಣ್ತದೆ. ಅದು ಪಚ್ಚಬಾಳೆ. ಚಪ್ಪರಕ್ಕೆ ಏಲಕ್ಕಿ ಬಾಳೆನೇ ಆಗ್ಬೇಕು ಅಂತ ನಿಮ್ಮ ಮಾವ ಹಟ ಹಿಡ್ದ್ರು. ಅವರ ಹಟ ನಿನಗೆ ಗೊತ್ತಿಲ್ವಾ? ಬಿಡದಿ ಪೇಟೇಲಿ ಸಿಗದೆ ಕನಕಪುರ… ಟೆಂಪೋ ಮಾಡ್ಕಂಡು, ಇಬ್ರು ಮೂರು ಜನಾನ ಕರ್ಕಂಡು ಹೋಗವ್ರೆ. ಎತ್ತಕ್ಕೆ ಜನ ಬೇಕಲ್ಲ. ಭಾರ ಇರ್ತದಲ್ಲ… ಬಾಳೆ.

ಪೆಟ್ಗೇಲಿ ಕೆಂಪನ ಹೊಸ ಪಂಚೆ ಹುಡುಕ್ತಿದ್ದೆ ನೀನು ಆಗ್ಲೆ. ನಾಳೆ ಧಾರೆ ಹೊತ್ತಲ್ಲಿ ಉಟ್ಕಳೋಕೆ ಅಂತ ತಂದಿದ್ದು. ಹುಡುಕ್ಬೇಡ. ಮಾವ ತಗಂಡೋದ್ರು. ದಾರೀಲಿ ಹಂಗೇ ಅವನಿಗೆ ಕೊಡೋದು ಅಂತ. ಅಲ್ಲಿಂದ್ಲೇ ಉಟ್ಕಂಡು ಬರ್ಲಿ ಅಂತ… ಬಿಳೀದು, ಹೊಸದು. ಇನ್ನೂ ನೀರಿಗೆ ಹಾಕಿರ್ಲಿಲ್ಲ.

ಬಿಚ್ಚವ್ವ. ಇನ್ನೊಂದು ಮಗ್ಗುಲು ಬಂತು ನೋಡು. ಜಾಣೆ. ಆ ಮೂಲೆ ಹೊಲಿಗೆ ಗಟ್ಟಿ ಇರ್ತದೆ, ಉಗುರು ಹಾಕ್ಬೇಡ, ಸೂಜಿ ಮಲಗಿಸಿ ತಳ್ಳು. ನಮ್ಮತ್ತೆ ಬಿಚ್ಚಿದ್ದು ನೋಡ್ಬೇಕಿತ್ತು ನೀನು. ಆ ಬಲಗಡೆ ಮೂಲೇಲಿ ಹಳ್ದಿ ಖಾಲಿ ಜಾಗ ಐತಲ್ಲ, ಇಲಿ ಕಡಿದಿದ್ದು ಅಂದ್ಕಂಡಿದ್ದ್ಯಾ? ಅಲ್ಲ, ಅದು ನಮ್ಮತ್ತೆ ಬೈರಮ್ಮಂದು. ಕುಂಬಳಹೂವಿನ ಬಣ್ಣದ ತುಂಡು ಇತ್ತು ಅಲ್ಲಿ. ನಮ್ಮಾವನ ತಿಥಿ ಮುಗಿದ ಮಾರನೇ ದಿನ ತಾವೇ ಅಟ್ಟದಿಂದ ಮೇಲ್ಗಟ್ಟು ಇಳಿಸಿದ್ರು, ತಾವೇ ಕುಂತ್ಕಂಡ್ರು. ನಾನು ಬಿಚ್ಕೊಡ್ತೀನಿ ಅಂದೆ, ಕೈ ಅಡ್ಡ ಹಿಡಿದ್ರು. ಹೊಲಿಗೆ ಹೊಲಿಗೆ ಎತ್ತಿ, ದಾರ ಎಳೆದು ಉಂಡೆ ಮಾಡಿ, ತುಂಡನ್ನ ಮಡಿಸಿ ಸೊಂಟಕ್ಕೆ ಸಿಗಿಸ್ಕಂಡ್ರು. ಅವರು ಹೋದಾಗ ಅವರ ಎದೆ ಮೇಲೇ ಇಟ್ಟು ಕಳಿಸಿದ್ವಿ. ಅದೇ ನಮ್ಮನೆ ಪದ್ಧತಿ. ಗಂಡ ಹೋದ ಮೇಲೆ ಆ ಹೆಂಗಸಿನ ತುಂಡು ಮೇಲ್ಗಟ್ಟಲ್ಲಿ…

ಏನಂದೆ ನಾನು?

ಅವರ ವಿಷಯ ಹೇಳ್ತಿದ್ದೆ. ಅತ್ತೆಯೋರ ವಿಷಯ. ಅದು ಬೇರೆ, ಇದು ಬೇರೆ. ನಿಂದು ಬಣ್ಣ ಹೊಂದ್ಲಿಲ್ಲ ಅಂತ. ಅದೂ ಅಲ್ದೆ ಅಲ್ಲೊಂದು ಎಣ್ಣೆ ಕಲೆ ಐತೆ. ಐತೆ ಕಣೆ, ನಿನಗೆ ಕಾಣ್ತಾ ಇಲ್ಲ, ಬೆಳಕಿಗೆ ಹಿಡಿದ್ರೆ… ಬೆಳಕಿಗೆ ಹಿಡೀಬೇಡ. ನಾನು ಹೇಳ್ತಾ ಇದ್ದೀನಿ ಅಂದ್ಮೇಲೆ ಐತೆ.

ಹಂಗೆ ನೋಡ್ಬೇಡ ರಮ್ಯಾ.

ಆ ತುದಿ ನನಗ್ಯಾಕೆ ನೀಡ್ತಿಯಾ? ನಾನು ಹಿಡ್ಕಳಲ್ಲ. ಬೆರಳು ನೋಯ್ತದೆ, ಉಗುರುಸುತ್ತು ಆಗೈತೆ. ಯಾವ ಬೆರಳಾ? ಇದು… ಈ ಬೆರಳು. ಊದಿಲ್ಲ, ಒಳಗೊಳಗೇ ಕುಕ್ತದೆ. ಹೊತ್ತಾರೆ ಚೆಂದಾಗಿ ಹೊಲೀತಿದ್ದೆ, ಹೌದು, ಕುಚ್ಚೆಲ್ಲಾ ನಾನೇ ಕಟ್ದೆ. ಆಮೇಲೆ ಶುರುವಾಯ್ತು. ಯಾವಾಗ ಅಂದ್ರೆ ಆವಾಗ್ಲೇ. ನೋವು ಹೇಳಿ ಬರ್ತದಾ?

ಕೂದ್ಲು ಒದ್ದೆ ಐತೆ ಅಂತಾ? ಬೆವರು. ಬೆವರಲ್ಲ, ಸೆಕೆ ಅಂತ ತಲೆ ಮೇಲೆ ನೀರು ಹುಯ್ಕಂಡೆ. ಮದ್ವೆ ಮನೇಲಿ ಮಧ್ಯಾಹ್ನ ಯಾರಾದ್ರೂ ತಲೆಗೆ ಹುಯ್ಕತಾರಾ ಅಂತ ನೋಡ್ತಿಯಾ? ನಾನು ಹುಯ್ಕಂಡೆ. ಊಟ ಬೇಡ ಅನ್ನಿಸ್ತು, ಮಾಡ್ಲಿಲ್ಲ. ದೀಪ ನಿನ್ನ ಕೈಲಿ ಹಚ್ಚಿಸ್ದೆ, ಯಾಕಂದ್ರೆ ಸೊಸೆ ಹಚ್ಬೇಕು. ಹೊಸ್ಲಿಂದ ಈಚೆ ಕುಂತಿವ್ನಿ, ಯಾಕಂದ್ರೆ ಇಲ್ಲಿ ಗಾಳಿ ಬರ್ತದೆ. ಎಲ್ಲಾದಕ್ಕೂ ಕಾರಣ ಐತೆ ಕಣಮ್ಮಿ. ಒಂದೊಂದಕ್ಕೂ ಐತೆ. ಕೇಳ್ಕೊಂಡೋದ್ರೆ ಹೇಳ್ಕೊಂಡೋಯ್ತೀನಿ.

ಒಸಿ ಸದ್ದು ಮಾಡ್ಬೇಡ… ಕೇಳು. ಸಿರಿ ನಗ್ತಾವ್ಳೆ. ಗುಲ್ಜಾರ್ ಬೀ ಏನೋ ಪೋಲಿ ಮಾತು ಆಡಿರ್ತಾಳೆ. ಈ ಮನೇಲಿ ಆ ಹುಡುಗಿ ಹಂಗೆ ನಕ್ಕು ಎಷ್ಟು ದಿನ ಆಯ್ತು ಹೇಳು. ಮೊದಲ್ನೇ ಸಂಬಂಧ ಯಾಕೆ ಮುರೀತು? ನಿಶ್ಚಯ ಆದ ವಾರಕ್ಕೆ ಗಂಡಿನಪ್ಪ ತೆಂಗಿನ ಮರದಿಂದ ಬಿದ್ದು ಸತ್ತ. ಬಿದ್ದಿದ್ದು ಅವನು, ಕುಡ್ದು ಹತ್ತಿದ್ದೂ ಅವನೇ! ಆದ್ರೆ ಕಾಲ್ಗುಣ ನಮ್ಮ ಹುಡುಗೀದು. ಆಮೇಲೆ ಈ ಸೋಲೂರಿನ ಸಂಬಂಧ. ಇಲ್ಲೂ ಗಂಡಿನಜ್ಜಿ ತೀರ್ಕಂಡು ಮದ್ವೆ ಮುಂದಕ್ಕೋಯ್ತು. ಆ ಅಂಬುಜಮ್ಮ ಆಗ್ಲೇ ಗೊಣಗವ್ಳೆ, ಹುಡುಗಿ ಹೆಸರು ಎತ್ತಿದ್ ಕಡೆ ಹೆಣ ಎತ್ತೋದಾಯ್ತು ಅಂತ. ಸಿರಿ ಬಾಗಿಲು ಹಾಕ್ಕಂಡು ಅತ್ತಿದ್ದು ನಿನ್ನ ತೊಡೆ ಮೇಲೇ ತಾನೆ? ನೀನೇ ತಾನೆ ಸಮಾಧಾನ ಮಾಡಿದ್ದು? ಆಷಾಢ ಎದುರಿಗೆ ನಿಂತೈತೆ. ನಾಳೆ ಧಾರೆ ತಪ್ಪಿದ್ರೆ ಒಂದು ವರ್ಷ ಈ ಮನೇಲಿ ಶುಭ ಮಾಡಂಗಿಲ್ಲ. ವರ್ಷ ಯಾರ್ ಕಾಯ್ತಾರೆ? ಇನ್ನೊಂದು ಸಾವು ಅವಳ ತಲೆಗೆ ಕಟ್ಟಿದ್ರೆ ಆಮೇಲೆ ಯಾರ್ ಬತ್ತಾರೆ ಆ ಹುಡುಗೀನ ಕೇಳ್ಕಂಡು?

ಇನ್ನೊಂದು ಅಂದ್ನಾ? ಅಜ್ಜಿದು… ಆ ಅಜ್ಜಿದೇ ಅಂದೆ.

ಯಾಕೆ ಸೂಜಿ ನಿಲ್ಲಿಸ್ದೆ?

ಮೂರು ಮಗ್ಗುಲು ಆಯ್ತಲ್ಲ ಮಗಾ. ಒಂದೇ ಒಂದು ಮಗ್ಗುಲು ಹಿಡ್ಕಂಡೈತೆ. ಎಳೆದ್ರೆ ಬತ್ತದೆ.

ಅಗೋ, ಚಲುವಯ್ಯ ಕೂಗ್ತಾವ್ನೆ. ಬಂದೆ ಕಣಪ್ಪಾ! ಅಲ್ಲೇ ಚಪ್ಪರದ ತಾವ ನಿಂತಿರು, ಸೊಸೆ ತಂದ್ಕೊಡ್ತಾಳೆ! ಒಂದ್ಗಳಿಗೆ! ಒಂದು ಗಿಣಿ ಬಾಕಿ ಐತೆ! ಏಳವ್ವ. ಎತ್ಕೊಡು ಹೋಗು. ನೀನೇ ಕೊಡ್ಬೇಕು, ನಾನು…

ರಮ್ಯಾ.

ಏನಾದ್ರೂ ಅನ್ನು. ಬಯ್ಯಿ. ಆ ದಾರನ ಬಾಯಿಂದ ತೆಗೆದು ಒಂದು ಮಾತು… ಬೇಡ! ತೆಗೀಬೇಡ. ಏನೂ ಅನ್ಬೇಡ ಕಣವ್ವ. ನೀನು ಏನಾದ್ರೂ ಅಂದ್ರೆ ನಾನು ಬಾಯಿ ಬುಟ್ಟು ಹೇಳ್ಬೇಕಾಯ್ತದೆ. ಹೇಳಿದ್ರೆ ನಿನ್ನ ಕಿವಿಗೆ ಬಿತ್ತು. ಕಿವಿಗೆ ಬಿದ್ದೋರಿಗೆ ತಾನೆ ಸೂತಕ ಹಿಡಿಯೋದು? ಸಿರಿ ಕಿವಿಗೆ ಬಿದ್ದಿಲ್ಲ. ನಿನ್ನ ಕಿವಿಗೆ ಬಿದ್ದಿಲ್ಲ. ಈ ಮನೆ ಒಳಗಿರೋರಲ್ಲಿ ನನ್ನೊಬ್ಬಳ ಕಿವಿಗೆ… ಕೊಟ್ಟಿಗೆ ಹಿಂದಕ್ಕೆ ಕರ್ಕಂಡೋಗಿ ಹೇಳಿದ್ರು ನಿಮ್ಮ ಮಾವ. ಬಾಯಿಗೆ ಸೆರಗು ತುರುಕ್ಕಂಡೆ. ಹಸ ನನ್ನೇ ನೋಡ್ತಾ ಇತ್ತು. ಸದ್ದು ಬರ್ಲಿಲ್ಲ, ಬರ್ಲಿಲ್ಲ ಕಣವ್ವ, ಬರದಂಗೆ ಮಾಡ್ದೆ. ತಲೆ ಮೇಲೆ ನೀರು ಹುಯ್ಕಂಡು ಈಚೆ ಬಂದು ಕುಂತೆ. ಅದಕ್ಕೇ ನಾನು ಏನೂ ಮುಟ್ಟಿಲ್ಲ. ದೀಪ ಮುಟ್ಟಿಲ್ಲ, ಚೊಂಬು ಮುಟ್ಟಿಲ್ಲ, ಮೇಲ್ಗಟ್ಟಿನ ಒಂದು ಎಳೆ ಮುಟ್ಟಿಲ್ಲ. ನನ್ನ ಮಗಳನ್ನೂ ಮುಟ್ಟಿಲ್ಲ. ಬಳೆ ತೋರ್ಸಕ್ಕೆ ಅಂತ ಓಡಿ ಬಂದ್ಲು, ದೂರ ಇರು ಅಂದ್ಬುಟ್ಟೆ.

ನಾಳೆ ಮಧ್ಯಾಹ್ನದವರ್ಗೂ. ಅಷ್ಟೇ ನಾನು ಕೇಳೋದು. ಅವರು ಅಲ್ಲಿ ಇಟ್ಕಂಡಿರ್ತಾರಂತೆ, ಆಸ್ಪತ್ರೇಲಿ, ತಣ್ಣಗಿರೋ ಕಡೆ. ಹೆಣ್ಣು ಹೊಸ್ಲು ದಾಟಿ ಸೋಲೂರಿಗೆ ಹೋದ ಮೇಲೆ…

ಹಂಗಾದ್ರೆ ಈ ತುಂಡು ಯಾಕೆ ಅಂತ ತಾನೆ ನೋಡ್ತಿರೋದು? ಕಿವಿಗೆ ಬೀಳೋವರ್ಗೂ ಸೂತಕ ಇಲ್ಲ ಅಂದ್ರೆ ಈ ತುಂಡಿಗೆ ಏನಾಗಿತ್ತು ಅಂತ. ಅಲ್ಲೇ ಕಣಮ್ಮಿ ನಾನು ಸೋತಿದ್ದು. ಸೂತಕ ಕಾಯ್ತದೆ. ಯಾರಾದ್ರೂ ಹೇಳೋವರ್ಗೂ ಬಾಗಿಲಾಚೆ ನಿಂತು ಕಾಯ್ತದೆ. ಮುತ್ತೈದೆ ತುಂಡು ಕಾಯಲ್ವಲ್ಲ… ಯಾರೂ ಹೇಳ್ದೆ ಇದ್ರೂ ಆಗೋಗಿರ್ತದಲ್ಲ. ನೀನು ಇಲ್ಲಿ ಗಿಣಿ ನೋಡಿ ನಗ್ತಾ ಇದ್ದೆ, ಅಲ್ಲಿ ಆಗೋಗಿತ್ತಲ್ಲ. ನಾನು ತುಟಿ ಹೊಲ್ಕಂಡು ಸುಮ್ನೆ ಇದ್ದಿದ್ರೆ ಆಯ್ತಿತ್ತು. ಹಸ್ರು ತುಂಡು ಅಲ್ಲೇ ಇರ್ತಿತ್ತು, ನಿನಗೆ ಏನೂ ಗೊತ್ತಾಗ್ತಿರ್ಲಿಲ್ಲ, ನಾಳೆ ಅಕ್ಷತೆ ಹಾಕಿ ನಗ್ತಿದ್ದೆ. ಆಗ್ಲಿಲ್ಲ. ಸಿರಿ ತಲೆ ಮೇಲೆ ಅದು ಬರೋದು ನೆನೆಸ್ಕಂಡ್ರೆ… ನನ್ನ ಕೈಲಿ ಆಗ್ಲಿಲ್ಲ. ಬಿಚ್ಚು ಅಂದ್ಬುಟ್ಟೆ.

ನೀನು ಇನ್ನೂ ಏನೂ ಕೇಳಿಸ್ಕಂಡಿಲ್ಲ, ಆಯ್ತಾ? ಆ ಮಾತಾಡ್ದಾಗ ನಾನು ಅವನ ಹೆಸರು ಎತ್ತಿಲ್ಲ. ಎತ್ತಿಲ್ಲ ತಾನೆ? ಹಣೆ ಮುಟ್ಕಬೇಡ. ಕೈ ಇಳಿಸು. ಕುಂಕುಮ ಅಲ್ಲೇ ಇರ್ಲಿ. ನಿನ್ನ ಕಾಲಿಗೆ ಬೇಕಾದ್ರೆ…

ಏನ್ ಮಾಡ್ತಿದ್ದೀಯಾ?

ಬಿಚ್ತಾ ಇದ್ದೀಯಾ.

ನಿಧಾನ. ಸೂಜಿ ಚುಚ್ಕಂಡೀಯಾ… ಹ್ಞೂಂ, ಹಂಗೆ. ಒಂದೊಂದೇ. ಹರೀಬಾರ್ದು. ನಮ್ಮತ್ತೇನೂ ಹಿಂಗೇ.

ಬತ್ತಾಳೆ ಕಣವ್ವ ಸಿರಿ! ನಿಮ್ಮತ್ಗೆ ಬತ್ತಾಳೆ, ಅಲ್ಲೇ ಇರು! ಆ ನಿನ್ನ ದಪ್ಪ ಗಿಣಿ ಹೊಲೀತಾವ್ಳೆ!

ಆಯ್ತಾ? ಬಂತಾ ಪೂರ್ತಿ? ಮೇಲ್ಗಟ್ಟನ್ನ ಅಲ್ಲೇ ಚಾಪೆ ಮೇಲೆ ಬುಡು, ಚಲುವಯ್ಯನೇ ಬಂದು ಎತ್ಕತಾನೆ. ಆ ತುಂಡು… ಹಂಗೆ ಹಿಡ್ಕಂಡು ನಿಂತ್ಕಬೇಡ ಮಗಾ. ತಾ ಇಲ್ಲಿ. ನಾಳೆವರ್ಗೂ ನನ್ನ ಕೈಗೆ ಕೊಡು.

ಅದನ್ನ ನಾನು ಮುಟ್ಬೌದು.